ಹಲುಬೆ ಹಾದ ಹೊಲ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ 1989ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಅನಿಶ್ಚಿತ ಕಾಲದಲ್ಲಿ ಉದ್ಯೋಗ'. ಫೋನ್ ಮಾಡಿದವರು, "ಯಶಸ್ಸಿನ ಗುಟ್ಟು ಏನಾದರೂ ಹೇಳಿ, ಮಕ್ಕಳಿಗೆ ಸ್ಫೂರ್ತಿ ಬರಲಿ" ಎಂದರು. ಗುಟ್ಟು ನನ್ನ ಹತ್ತಿರ ಯಾವುದೂ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಒಂಬತ್ತು ಜನ ಕೆಲಸ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ಇದೆ. ಅದಕ್ಕಿಂತ ಮೊದಲು ಕೆಲಸ ಕಳೆದುಕೊಂಡು ಊರಿನಲ್ಲಿ ಕೂತಿದ್ದ ಹತ್ತು ತಿಂಗಳು ಇವೆ. ಆ ಹತ್ತು ತಿಂಗಳ ಬಗ್ಗೆ ನಾನು ಇದುವರೆಗೆ ಯಾವ ಸಭೆಯಲ್ಲೂ ಮಾತನಾಡಿಲ್ಲ. ಇವತ್ತು ಮಾತನಾಡುತ್ತೇನೆ. ಬೇರೆ ಊರಿನ ವೇದಿಕೆಯಾಗಿದ್ದರೆ ಬಹುಶಃ ಧೈರ್ಯ ಬರುತ್ತಿರಲಿಲ್ಲ. ಇಲ್ಲಿ ನಾನು ಗಣಿತದಲ್ಲಿ ನೂರಕ್ಕೆ ಹದಿನೆಂಟು ತೆಗೆದುಕೊಂಡದ್ದನ್ನು ನೋಡಿದವರೇ ಕೂತಿದ್ದೀರಿ. ಇನ್ನು ಮುಚ್ಚಿಡುವುದಕ್ಕೆ ಏನಿದೆ?

ಈ ಶಾಲೆಯಿಂದ ಹೊರಟು ತುಮಕೂರಿನಲ್ಲಿ ಐಟಿಐ ಮಾಡಿ, 1992ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಟೂಲ್ ರೂಮ್ ಸೇರಿದೆ. ಹದಿನಾರು ವರ್ಷ ಒಂದೇ ಕಡೆ ಕೆಲಸ ಮಾಡಿದೆ. ಹೊರದೇಶಕ್ಕೆ ಹೋಗುವ ಯಂತ್ರದ ಬಿಡಿಭಾಗಗಳಿಗೆ ನಾವು ಅಚ್ಚು ಮಾಡುತ್ತಿದ್ದೆವು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲು ವಾಪಸ್ಸು ಬರುತ್ತಿತ್ತು. ನನ್ನ ಕೈಯಿಂದ ಹೋದದ್ದು ವಾಪಸ್ಸು ಬಂದದ್ದು ಬಹಳ ಕಡಿಮೆ. ಆ ಹೆಮ್ಮೆ ನನಗಿತ್ತು. ಹೆಮ್ಮೆಯ ಜೊತೆಗೆ ಒಂದು ತಪ್ಪು ನಂಬಿಕೆಯೂ ಇತ್ತು: ಕೆಲಸ ಚೆನ್ನಾಗಿ ಬಂದರೆ ಸಾಕು, ಕೆಲಸ ಹೋಗುವುದಿಲ್ಲ ಅಂತ.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ಬ್ಯಾಂಕು ಮುಳುಗಿತು. ಪತ್ರಿಕೆಯಲ್ಲಿ ಓದಿ, ಯಾರದೋ ಮನೆ ಸುದ್ದಿ ಅಂದುಕೊಂಡು ಮಡಿಚಿಟ್ಟೆ. ದೀಪಾವಳಿ ಹೊತ್ತಿಗೆ ಓವರ್‌ಟೈಮ್ ನಿಂತಿತು. ಸಂಕ್ರಾಂತಿ ಹೊತ್ತಿಗೆ ಮೂರು ಪಾಳಿ ಒಂದಾಯಿತು. 2009ರ ಫೆಬ್ರವರಿಯ ಒಂದು ಸಂಜೆ ನಮ್ಮಲ್ಲಿ ಕೆಲವರನ್ನು ಒಳಗೆ ಕರೆದು, ಒಂದು ಲಕೋಟೆ ಕೊಟ್ಟು, ಕೈಕುಲುಕಿ ಕಳಿಸಿದರು. ಎಲ್ಲೋ ಸಮುದ್ರದಾಚೆ ಒಂದು ಬ್ಯಾಂಕು ಬಿದ್ದರೆ ನಮ್ಮೂರ ಹುಡುಗನ ಡಬ್ಬಿಯ ಮುದ್ದೆ ನಿಲ್ಲುತ್ತದೆ ಎಂಬುದು ಅವತ್ತು ಅರ್ಥವಾಯಿತು.

ನನಗಾಗ ಮೂವತ್ತೈದು ವರ್ಷ. ಮಗಳು ಎರಡನೇ ಕ್ಲಾಸು. ಅವಳ ಪರೀಕ್ಷೆ ಮುಗಿಯುವ ತನಕ ಅವಳನ್ನೂ ಹೆಂಡತಿಯನ್ನೂ ಬೆಂಗಳೂರಿನಲ್ಲೇ ಬಿಟ್ಟು ನಾನು ಊರಿಗೆ ಬಂದೆ. ಅಪ್ಪನಿಗೆ, "ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ನಡೀತಿದೆ, ಹದಿನೈದು ದಿನ ರಜೆ" ಎಂದು ಹೇಳಿದೆ. ಹದಿನೈದು ದಿನ ಕಳೆದ ಮೇಲೆ, "ಇನ್ನೂ ಸ್ವಲ್ಪ ಇದೆಯಂತೆ" ಎಂದೆ. ಅಪ್ಪ ಏನೂ ಕೇಳಲಿಲ್ಲ. ಹಳ್ಳಿಯಲ್ಲಿ ಗಂಡಸು ಹಗಲು ಹೊತ್ತು ಕೆಲಸವಿಲ್ಲದೆ ಓಡಾಡುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. "ಯಾವಾಗ ಬಂದೆ?" ಅನ್ನುವುದು ಪ್ರೀತಿಯ ಪ್ರಶ್ನೆ. "ಯಾವಾಗ ಹೋಗ್ತೀಯ?" ಅನ್ನುವುದೂ ಪ್ರೀತಿಯ ಪ್ರಶ್ನೆಯೇ. ಆದರೆ ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಜನ ಸಿಗದ ಕಡೆ, ಹೊಲದ ಕಡೆ, ಕೆರೆ ಏರಿಯ ಕಡೆ ಓಡಾಡತೊಡಗಿದೆ. ನಾನು ಪ್ರಕೃತಿಯನ್ನು ನೋಡಲು ಶುರುಮಾಡಿದ್ದು ಭಕ್ತಿಯಿಂದಲ್ಲ, ಜನರಿಂದ ತಪ್ಪಿಸಿಕೊಳ್ಳುವುದಕ್ಕೆ.

ಮೊದಲು ಕಣ್ಣಿಗೆ ಬಿದ್ದದ್ದು ಈ ಮರ. ಶಾಮಿಯಾನದ ಆಚೆ ಕಾಣುತ್ತಿದೆಯಲ್ಲ, ಈ ಹೊಂಗೆ ಮರ. ಇದರ ಕೆಳಗೇ ನಾವು ಸಾಲಾಗಿ ನಿಂತು ಪ್ರಾರ್ಥನೆ ಮಾಡುತ್ತಿದ್ದದ್ದು. ಆ ವರ್ಷ ಬಿಸಿಲು ಏರತೊಡಗಿದಾಗ ಮರ ಎಲೆಗಳನ್ನೆಲ್ಲ ಉದುರಿಸಿತು. ನಾನು ಮೂರು ವರ್ಷ ಇದರ ನೆರಳಿನಲ್ಲಿ ನಿಂತಿದ್ದವನು, ಆದರೆ ಇದು ಎಲೆ ಉದುರಿಸುವುದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದರೂ ಗಮನಿಸಿರಲಿಲ್ಲ. ಯುಗಾದಿ ಹೊತ್ತಿಗೆ ಎಳೆ ಹಸಿರು ಚಿಗುರು ಮರದ ತುಂಬ ಬಂತು. ಆಗಿನ್ನೂ ಮಳೆ ಬಂದಿರಲಿಲ್ಲ ಎಂಬುದನ್ನು ಗಮನಿಸಿ. ನೆಲ ಕಾದ ಹಂಚಿನಂತಿತ್ತು. ಮಳೆ ಬಂದ ಮೇಲೆ ಚಿಗುರೋಣ ಅಂತ ಈ ಮರ ಕಾಯಲಿಲ್ಲ. ಹಳೆಯ ಎಲೆಯ ಖರ್ಚನ್ನು ಇಳಿಸಿಕೊಂಡು, ಬೇರಿನಲ್ಲಿ ಇದ್ದದ್ದರಲ್ಲೇ ಹೊಸದನ್ನು ಹೊರಡಿಸಿತು.

ಮನೆಗೆ ಬಂದು ಒಂದು ನೋಟ್ ಪುಸ್ತಕದಲ್ಲಿ ನಮ್ಮ ಸಂಸಾರದ ಖರ್ಚು ಬರೆದೆ. ಬೆಂಗಳೂರಿನ ಬಾಡಿಗೆ, ಮೋಟರ್ ಬೈಕಿನ ಸಾಲದ ಕಂತು, ಚೀಟಿ, ಮಗಳ ಶಾಲೆಯ ಫೀಸು. ಯಾವ ಎಲೆ ಉದುರಿಸಬಹುದು, ಯಾವುದು ಬೇರು, ಅದನ್ನು ಮುಟ್ಟಬಾರದು ಎಂದು ಎರಡು ಪಟ್ಟಿ ಮಾಡಿದೆ. ಬೈಕು ಮಾರಿದೆ. ಮನೆ ಬದಲಾಯಿಸಿದೆವು. ಮಗಳ ಓದನ್ನು ಮುಟ್ಟಲಿಲ್ಲ. ಕಷ್ಟ ಬಂದಾಗ ನಾವು ಮಾಡುವ ತಪ್ಪು ಎಂದರೆ ಎಲೆ ಉಳಿಸಿಕೊಳ್ಳಲು ಬೇರು ಮಾರುವುದು. ನೆಂಟರ ಮುಂದೆ ಹಳೆಯ ಠೀವಿ ತೋರಿಸಲು ಬಡ್ಡಿಗೆ ಸಾಲ ತರುವುದು ಅದೇ.

ಆ ಕಾಲದಲ್ಲಿ ನನ್ನ ಮನೆ ನಡೆದದ್ದು ನನ್ನ ಹೆಂಡತಿಯ ಹೊಲಿಗೆ ಯಂತ್ರದಿಂದ. ಮದುವೆಯಾದ ಹೊಸದರಲ್ಲಿ ಅವಳು ಅದನ್ನು ಕೊಳ್ಳಬೇಕೆಂದಾಗ, "ನನ್ನ ಸಂಬಳ ಸಾಲದಾ?" ಎಂದು ಕೇಳಿದ್ದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ರವಿಕೆ ಹೊಲಿದ ದುಡ್ಡು ಹತ್ತು ತಿಂಗಳು ನಮ್ಮ ಅಕ್ಕಿ ಬೇಳೆ ತಂದಿತು.

ಇಲ್ಲಿ ನಾನು ಅಕ್ಕಡಿ ಸಾಲಿನ ಮಾತು ಹೇಳಲೇಬೇಕು. ಹಿರಿಯರಿಗೆ ಇದು ಹೊಸದಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ನಮ್ಮ ಕಡೆಯ ಖುಷ್ಕಿ ಹೊಲದಲ್ಲಿ ಬರೀ ರಾಗಿ ಬಿತ್ತುವ ಪದ್ಧತಿ ಇರಲಿಲ್ಲ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಾ ಹೋಗುವಾಗ ಹಿಂದೆ ಸಡ್ಡೆ ಕಟ್ಟಿ, ಕೆಲವು ಸಾಲಿಗೊಂದು ಅಕ್ಕಡಿ ಸಾಲು ಬಿಡುತ್ತಿದ್ದರು. ನಮ್ಮಪ್ಪ ಆರು ಸಾಲು ರಾಗಿಗೆ ಒಂದು ಸಾಲು ಬಿಡುತ್ತಿದ್ದರು. ಆ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಬದುವಿನ ಕಡೆಗೆ ಒಂದಷ್ಟು ಹರಳು, ಜೋಳ. ಎಲ್ಲವೂ ಒಂದೇ ದಿನ ಬಿತ್ತಿದರೂ ಒಂದೇ ದಿನ ಕೊಯ್ಲಿಗೆ ಬರುವುದಿಲ್ಲ. ಸಾಸಿವೆ ಮೊದಲು, ಆಮೇಲೆ ರಾಗಿ, ಇಬ್ಬನಿ ಬಿದ್ದ ಮೇಲೆ ಸೊಗಡಿನ ಅವರೆ, ಅದರ ಹಿಂದೆ ತೊಗರಿ. ಮಳೆ ಮುಂಚೆ ಕೈಕೊಟ್ಟರೆ ಒಂದು ಹೋಗುತ್ತದೆ, ತಡವಾಗಿ ಕೈಕೊಟ್ಟರೆ ಇನ್ನೊಂದು ಹೋಗುತ್ತದೆ, ಎಲ್ಲವೂ ಒಟ್ಟಿಗೆ ಹೋಗುವುದು ಅಪರೂಪ.

ಇನ್ನೊಂದು ವಿಷಯವಿದೆ. ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ದಿನ ಪಾಠದ ನಡುವೆ ಎದ್ದು ಹೋಗಿ, ಪಕ್ಕದ ಹೊಲದಿಂದ ಒಂದು ಅವರೆ ಗಿಡ ಬೇರು ಸಹಿತ ಕಿತ್ತು ತಂದರು. ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವು. ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ತೋರಿಸಿದರು. ಒಳಗೆ ನಸುಗೆಂಪು. "ಇದರೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಉಳಿದದ್ದು ನೆಲಕ್ಕೆ ಸೇರುತ್ತದೆ. ನಿಮ್ಮ ಅಜ್ಜನಿಗೆ ಈ ಹೆಸರು ಗೊತ್ತಿರಲಿಲ್ಲ, ಆದರೆ ಅಕ್ಕಡಿ ಬಿಡುವುದು ಗೊತ್ತಿತ್ತು" ಎಂದರು. ಅಂದರೆ ಅಕ್ಕಡಿ ಸಾಲು ರಾಗಿಯ ಜಾಗವನ್ನು ಕಿತ್ತುಕೊಳ್ಳುವುದಿಲ್ಲ, ರಾಗಿಯ ನೆಲವನ್ನೇ ಬಲಪಡಿಸುತ್ತದೆ. ಪರೀಕ್ಷೆಗಾಗಿ ಅದನ್ನು ಉರುಹೊಡೆದು ಐದು ಅಂಕ ತೆಗೆದುಕೊಂಡೆ. ಅರ್ಥವಾದದ್ದು ಇಪ್ಪತ್ತು ವರ್ಷದ ನಂತರ, ಕೆಲಸವಿಲ್ಲದೆ ಅದೇ ಬದುವಿನ ಮೇಲೆ ಕೂತಾಗ. ನಾನು ಹದಿನಾರು ವರ್ಷ ಬರೀ ರಾಗಿ ಬಿತ್ತಿದ್ದೆ. ಒಂದೇ ಯಂತ್ರ, ಒಂದೇ ಕೆಲಸ, ಒಂದೇ ಸಂಬಳ. ನನ್ನ ಹೆಂಡತಿ ಒಂದು ಅಕ್ಕಡಿ ಸಾಲು ಬಿಟ್ಟಿದ್ದಳು, ಅದರಿಂದ ಬದುಕಿದೆವು.

ಮಕ್ಕಳೇ, ಇದರ ಅರ್ಥ ಹತ್ತು ಕೆಲಸಕ್ಕೆ ಕೈಹಾಕಿ ಅಂತಲ್ಲ. ಹೊಲದ ತುಂಬ ಅಕ್ಕಡಿಯೇ ಆದರೆ ಮುದ್ದೆಗೆ ಹಿಟ್ಟೆಲ್ಲಿ? ಮುಖ್ಯ ಕಸುಬು ಒಂದಿರಲಿ, ಅದರಲ್ಲಿ ಪಳಗಿ. ಅದರ ಪಕ್ಕದಲ್ಲಿ ಇನ್ನೊಂದು ವಿದ್ಯೆ ಇರಲಿ. ಅದು ಬೇರೆ ಹೊತ್ತಿನಲ್ಲಿ ಫಲ ಕೊಡುವಂಥದ್ದಾಗಿರಲಿ. ಒಂದೇ ಮಳೆಗೆ ಎರಡೂ ಒಣಗುವಂತಿದ್ದರೆ ಅದು ಅಕ್ಕಡಿಯಲ್ಲ.

ಆ ವರ್ಷ ಮುಂಗಾರು ದೇಶಕ್ಕೇ ಕೈಕೊಟ್ಟಿತ್ತು. ನಮ್ಮಲ್ಲೂ ಬಿತ್ತನೆ ತಡವಾಯಿತು. ಅಂತೂ ಒಂದು ಹದ ಸಿಕ್ಕಿ ಅಪ್ಪ ಇಂಡಾಫ್ ರಾಗಿ ಬಿತ್ತಿದರು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ತಳಿಗೆ ಆಫ್ರಿಕಾದ ತಳಿ ಕೂಡಿಸಿ ತೆಗೆದ ರಾಗಿ ಅದು. ಹೆಸರಿನಲ್ಲೇ ಇಂಡಿಯಾವೂ ಆಫ್ರಿಕಾವೂ ಇವೆ. ಬಡವರ ಕಾಳು ಎಂದು ಎಲ್ಲರೂ ಮೂಗು ಮುರಿಯುತ್ತಿದ್ದ ರಾಗಿಯ ಪುಟ್ಟ ಹೂವಿನ ಮುಂದೆ ಅವರು ಬದುಕೆಲ್ಲ ಕಳೆದರು. 2023ನ್ನು ವಿಶ್ವಸಂಸ್ಥೆಯೇ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಘೋಷಿಸಿದಾಗ ನನಗೆ ಅವರ ನೆನಪಾಯಿತು. ಯಾವ ಕಸುಬಿಗೆ ಯಾವಾಗ ಬೆಲೆ ಬರುತ್ತದೋ ಹೇಳಲಾಗದು. ಇವತ್ತು ಬೆಲೆ ಇದೆ ಎಂಬ ಒಂದೇ ಕಾರಣಕ್ಕೆ ಓದಬೇಡಿ, ಇವತ್ತು ಬೆಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ.

ಈಗ ಹಲುಬೆಯ ವಿಷಯಕ್ಕೆ ಬರುತ್ತೇನೆ. ರಾಗಿ ಬಿತ್ತಿದ ಮೂರು ನಾಲ್ಕು ವಾರಕ್ಕೆ, ಪೈರು ಎಳೆಯದಾಗಿ ಹಸಿರಾಗಿ ನಿಂತಿರುವಾಗ, ಅದರ ಮೇಲೆ ಹಲ್ಲಿರುವ ಮರದ ಹಲುಬೆಯನ್ನು ಎತ್ತು ಕಟ್ಟಿ ಎಳೆಸುತ್ತಾರೆ. ಎಷ್ಟೋ ಪೈರು ಕಿತ್ತು ಬರುತ್ತದೆ, ಉಳಿದದ್ದು ಮಣ್ಣಿಗೆ ಒರಗುತ್ತದೆ. ಏಳೆಂಟು ವರ್ಷದವನಿದ್ದಾಗ ಮೊದಲ ಸಲ ಇದನ್ನು ನೋಡಿ ನಾನು ಅತ್ತಿದ್ದೆ. ಅಪ್ಪನಿಗೆ ಬುದ್ಧಿ ಕೆಟ್ಟಿದೆ ಅಂದುಕೊಂಡಿದ್ದೆ. ಅಪ್ಪ ನಕ್ಕು, "ಅಳ್ಬ್ಯಾಡ ಕಣ್ಲಾ, ಮಲಗಿರೋ ಪೈರು ಸತ್ತಿರೋ ಪೈರಲ್ಲ. ಎಂಟು ದಿನ ತಡ್ಕೊ" ಎಂದಿದ್ದರು. ಎಂಟು ದಿನದಲ್ಲಿ ಹೊಲ ಎದ್ದು ನಿಂತಿತ್ತು. ಒಂದು ಬುಡದಲ್ಲಿ ಒಂದು ಕಡ್ಡಿ ಇದ್ದ ಕಡೆ ಮೂರು ನಾಲ್ಕು ತೆಂಡೆ ಒಡೆದಿದ್ದವು. ಹಲುಬೆ ಹಾಯದ ಹೊಲ ಎತ್ತರಕ್ಕೆ ಹೋಗುತ್ತದೆ, ತೆಂಡೆ ಒಡೆಯುವುದಿಲ್ಲ. ಮೇಲಿನ ನೆಲ ಸಡಿಲವಾಗಿ, ಕಳೆ ಕಿತ್ತು, ದಟ್ಟಣೆ ಕಡಿಮೆಯಾಗಿ, ಉಳಿದ ಬುಡಕ್ಕೆ ಜಾಗವೂ ಗಾಳಿಯೂ ಸಿಗುತ್ತದೆ. ಇದು ಅದರ ಲೆಕ್ಕ.

2009ರ ಆ ಹಲುಬೆಯ ದಿನ ಅಪ್ಪ ನನ್ನನ್ನು ಹೊಲಕ್ಕೆ ಕರೆದರು. ಭಾರಕ್ಕೆ ಹಲುಬೆಯ ಮೇಲೆ ಕಲ್ಲು ಇಟ್ಟಿದ್ದರು. ಚಿಕ್ಕವನಿದ್ದಾಗ ಕಲ್ಲಿನ ಬದಲು ನಾನೇ ಕೂರುತ್ತಿದ್ದೆ. ಮಧ್ಯಾಹ್ನ ಎತ್ತು ಬಿಟ್ಟು ಬುತ್ತಿ ಬಿಚ್ಚಿದಾಗ, ನೆಲಕ್ಕೆ ಒರಗಿದ್ದ ಪೈರನ್ನು ನೋಡುತ್ತಾ ನಾನು, "ಅಪ್ಪಾ, ನನ್ನ ಕೆಲಸ ಹೋಯ್ತು" ಎಂದೆ. ಅವರು ತುತ್ತು ನುಂಗಿ, ನೀರು ಕುಡಿದು, "ಗೊತ್ತು. ಆರು ತಿಂಗಳು ಯಾವ ಮಿಷಿನ್ನು ರಿಪೇರಿ ಆಗ್ತದೆ? ನೀನೇ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದರು. ಅಷ್ಟೇ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಹಗೇವಿನ ರಾಗಿ ಮಾರಿ ಬಂದಿದ್ದ ಸ್ವಲ್ಪ ದುಡ್ಡು ತಂದು ಕೈಗಿಟ್ಟರು.

ಹಗೇವು ಎಂದರೇನೆಂದು ಈಗಿನ ಮಕ್ಕಳಿಗೆ ತೋರಿಸಲು ನಮ್ಮ ಊರಿನಲ್ಲಿ ಒಂದೂ ಉಳಿದಿಲ್ಲ. ನೆಲದೊಳಗೆ ತೋಡಿದ ಕಣಜ ಅದು. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವುದು ಸುಲಭವಿರಲಿಲ್ಲ. ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಇಳಿದರೆ ಪ್ರಾಣಕ್ಕೆ ಅಪಾಯ. ಇಷ್ಟು ರಗಳೆ ಇದ್ದುದರಿಂದಲೇ ಹಗೇವಿನ ರಾಗಿ ಬರಗಾಲಕ್ಕೆ ಉಳಿಯುತ್ತಿತ್ತು, ಹಬ್ಬಕ್ಕೆ ಖರ್ಚಾಗುತ್ತಿರಲಿಲ್ಲ. ಈಗ ನಮ್ಮ ಹಗೇವಿನ ಬಾಯಿ ಮೊಬೈಲಿನಲ್ಲಿದೆ, ಬೆರಳು ಇಟ್ಟರೆ ತೆರೆಯುತ್ತದೆ. ದುಡಿಮೆ ಶುರುವಾದ ಮೊದಲ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಸೇರಿಸಿ, ಆರು ತಿಂಗಳ ಮನೆಖರ್ಚಿನಷ್ಟು ದುಡ್ಡನ್ನು ಸುಲಭಕ್ಕೆ ಕೈಗೆಟುಕದ ಕಡೆ ಇಡಿ. ಇದೊಂದನ್ನು ನಾನು ಹದಿನಾರು ವರ್ಷ ಮಾಡಿರಲಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಹಲುಬೆಯ ಉಪಮೆ ಚೆನ್ನಾಗಿದೆ, ಭಾಷಣಕ್ಕೆ ಒಗ್ಗುತ್ತದೆ. ಆದರೆ ಪೂರ್ತಿ ನಿಜವಲ್ಲ. ಹೊಲದಲ್ಲಿ ಹಲುಬೆ ಹೊಡೆಯುವವನು ರೈತ. ಅವನಿಗೆ ಪೈರು ಬೇಕು. ಯಾವ ಹದದಲ್ಲಿ ಹೊಡೆಯಬೇಕು, ಎಷ್ಟು ಭಾರ ಇಡಬೇಕು, ಅವನಿಗೆ ಗೊತ್ತು. ನನ್ನನ್ನು ಕೆಲಸದಿಂದ ತೆಗೆದವರು ನಾನು ತೆಂಡೆ ಒಡೆಯಲಿ ಅಂತ ತೆಗೆಯಲಿಲ್ಲ. ಅವರಿಗೆ ಆರ್ಡರ್ ಇರಲಿಲ್ಲ, ತೆಗೆದರು. ಆದ್ದರಿಂದ ಕೆಲಸ ಕಳೆದುಕೊಂಡವನ ಮುಂದೆ ಹೋಗಿ, "ಆಗೋದೆಲ್ಲ ಒಳ್ಳೇದಕ್ಕೆ" ಅನ್ನಬೇಡಿ. ಹಲುಬೆಯಲ್ಲಿ ಬೇರು ಸಹಿತ ಕಿತ್ತು ಬಂದ ಪೈರೂ ಇರುತ್ತದೆ. ಅದು ಮತ್ತೆ ಏಳುವುದಿಲ್ಲ. ನನ್ನ ಜೊತೆಯಲ್ಲೇ ಲಕೋಟೆ ತೆಗೆದುಕೊಂಡ ಒಬ್ಬ ಗೆಳೆಯ ಮನೆಯಲ್ಲಿ ಹೇಳಲೇ ಇಲ್ಲ. ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಪಾರ್ಕಿನಲ್ಲಿ ಕೂತು, ಸಂಜೆ ಮನೆಗೆ ಹೋಗುತ್ತಿದ್ದ. ತಿಂಗಳ ಕೊನೆಗೆ ಬಡ್ಡಿಗೆ ಸಾಲ ತಂದು ಸಂಬಳ ಅಂತ ಕೊಡುತ್ತಿದ್ದ. ಎಂಟು ತಿಂಗಳು ಹಾಗೆ ನಡೆಯಿತು. ಆ ಸಾಲದಿಂದ ಅವನು ಇವತ್ತಿಗೂ ಪೂರ್ತಿ ಹೊರಬಂದಿಲ್ಲ. ಕೆಲಸದಲ್ಲಿ ಅವನು ನನಗಿಂತ ಒಂದು ಕೈ ಮೇಲಿದ್ದ. ವ್ಯತ್ಯಾಸ ಇದ್ದದ್ದು ಒಂದೇ: ನನಗೆ ಹೋಗಿ ಬೀಳಲು ಒಂದು ನೆಲವಿತ್ತು, ಕೇಳದೆ ಕಾಯುವ ಅಪ್ಪ ಇದ್ದರು. ಒರಗಿದ ಪೈರು ಎದ್ದು ನಿಲ್ಲುವುದು ತನ್ನ ಹಟದಿಂದ ಮಾತ್ರವಲ್ಲ, ಬುಡದ ಕೆಳಗೆ ಒಂದಿಷ್ಟು ತೇವ ಇರಬೇಕು.

ಇನ್ನು ಗೀಜಗನ ವಿಷಯ. ನಾನು ಇಲ್ಲಿ ನಿಂತು ಉಪದೇಶ ಮಾಡುವುದು ಗೀಜಗ ಕೋತಿಗೆ ಬುದ್ಧಿ ಹೇಳಿದ ಹಾಗೆ ಆಗದಿರಲಿ, ನೀವು ನನ್ನ ಗೂಡು ಕಿತ್ತೀರಿ! ಕೆರೆ ಕೋಡಿಯ ಹತ್ತಿರದ ಈಚಲ ಮರದಲ್ಲಿ ಆ ಮಳೆಗಾಲ ಗೀಜಗ ಗೂಡು ಕಟ್ಟಿದ್ದವು. ಕೆಲಸವಿಲ್ಲದವನಿಗೆ ಸಮಯಕ್ಕೇನು ಬರ? ದಿನಾ ಹೋಗಿ ಕೂರುತ್ತಿದ್ದೆ. ಗಂಡು ಹಕ್ಕಿ ಹಸಿ ಗರಿಕೆಯಂಥ ಎಲೆಯನ್ನು ಉದ್ದಕ್ಕೆ ಸೀಳಿ ತಂದು ಹೆಣೆಯುತ್ತದೆ. ಅದು ಗೂಡನ್ನು ಪೂರ್ತಿ ಕಟ್ಟುವುದಿಲ್ಲ. ಟೋಪಿಯ ಆಕಾರಕ್ಕೆ ಬಂದಾಗ ನಿಲ್ಲಿಸಿ, ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣುಗಳು ಬಂದು ಒಳಹೊಕ್ಕು, ಎಳೆದು ನೋಡುತ್ತವೆ. ಒಪ್ಪಿದರೆ ಮುಂದಿನ ಕೆಲಸ, ಕೊಳವೆಯಂಥ ಬಾಗಿಲು ಎಲ್ಲ. ಒಪ್ಪದಿದ್ದರೆ ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಶುರುಮಾಡುತ್ತದೆ. ಆ ಮರದಲ್ಲಿ ಅರ್ಧ ಕಟ್ಟಿ ಬಿಟ್ಟ ಗೂಡುಗಳೇ ಎಷ್ಟೋ ಇದ್ದವು.

ಇದನ್ನು ಲೋಕಕ್ಕೆ ಮೊದಲು ಸರಿಯಾಗಿ ವಿವರಿಸಿದವರಲ್ಲಿ ಒಬ್ಬರು ಸಲೀಂ ಅಲಿ. ಅವರ ಕಥೆ ನಾನು ಆಮೇಲೆ ಓದಿ ತಿಳಿದದ್ದು. ಅವರು ಬರ್ಮಾದಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರಕ್ಕೆ ಹೋಗಿ ಕೈಸುಟ್ಟುಕೊಂಡವರು. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರಾಗಿದ್ದರು. ಜರ್ಮನಿಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಹಿಂತಿರುಗಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದ ಕಾಲ ಅದು. ಬೇರೆ ಕೆಲಸ ಸಿಗದೆ ಹೆಂಡತಿ ತೆಹ್ಮಿನಾ ಅವರ ಜೊತೆ ಅಲಿಬಾಗ್ ಹತ್ತಿರದ ಕಿಹೀಂ ಎಂಬ ಕಡಲ ದಡದ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಕೆಲಸ ಕಳೆದುಕೊಂಡ ಮನುಷ್ಯ ಕೂತು ನೋಡಿದ, ಬರೆದುಕೊಂಡ. 1931ರಲ್ಲಿ ಅದು ಲೇಖನವಾಗಿ ಪ್ರಕಟವಾಯಿತು. ಅಲ್ಲಿಂದ ಅವರಿಗೆ ಹೆಸರು ಬಂತು. ಮುಂದೆ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ಮಾಡುತ್ತಾ ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದರು. ಸಂಬಳವಿಲ್ಲದ ಕಾಲದಲ್ಲೂ ಕಣ್ಣು ಕೆಲಸ ಮಾಡುತ್ತಿರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಆ ಡಿಸೆಂಬರ್‌ನಲ್ಲಿ ತುಮಕೂರಿನಲ್ಲಿ ಒಂದು ಚಿಕ್ಕ ಕಾರ್ಖಾನೆಯಲ್ಲಿ, ಹಳೆಯ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ, ಕೆಲಸ ಸಿಕ್ಕಿತು. ಸೇರಿಕೊಂಡೆ. ಆದರೆ ಈ ಸಲ ಗೀಜಗನ ಅರ್ಧ ಗೂಡು ತಲೆಯಲ್ಲಿತ್ತು. ಭಾನುವಾರಗಳಲ್ಲಿ ಮೊದಲು ತೆಂಗಿನಕಾಯಿ ಸುಲಿಯುವ ಒಂದು ಸಲಕರಣೆ ಮಾಡಿದೆ. ನಾಲ್ಕು ಮಾಡಿ ಸಂತೆಯಲ್ಲಿಟ್ಟೆ. ನಮ್ಮ ಕಡೆಯವರು ಕೈಯಲ್ಲಿ ಹಿಡಿದು ನೋಡಿ, ಚೆನ್ನಾಗಿದೆ ಅಂದು, ಕೆಳಗಿಟ್ಟು ಹೋದರು. ಆ ಗೂಡು ಅಲ್ಲಿಗೇ ಬಿಟ್ಟೆ. ನಷ್ಟ ನಾಲ್ಕು ತುಂಡು ಕಬ್ಬಿಣದ್ದು ಮಾತ್ರ. ಆದರೆ ಅಲ್ಲಿ ಕೂತಿದ್ದಾಗ ಜನ ಕೆಟ್ಟ ಸ್ಪ್ರೇಯರ್ ತಂದು, "ಇದನ್ನ ರಿಪೇರಿ ಮಾಡ್ತೀಯಾ?" ಎಂದು ಕೇಳುತ್ತಿದ್ದರು. ಅವರಿಗೆ ಬೇಕಾಗಿದ್ದ ಗೂಡು ಅದು! ನಾಲ್ಕು ವರ್ಷ ಬರೀ ಭಾನುವಾರ ಮಾಡಿದೆ. 2014ರಲ್ಲಿ, ಭಾನುವಾರದ ದುಡಿಮೆ ಸಂಬಳದ ಹತ್ತಿರ ಬಂದ ಮೇಲೆ, ಕೆಲಸ ಬಿಟ್ಟು ಶೆಡ್ ಹಾಕಿದೆ. ಎಷ್ಟೋ ಜನ ನಿವೃತ್ತಿ ಹಣವೋ ಜಮೀನು ಮಾರಿದ ಹಣವೋ ಪೂರ್ತಿ ಸುರಿದು ಗೂಡು ಕಟ್ಟಿ, ಬಣ್ಣ ಬಳಿದು, ಉದ್ಘಾಟನೆ ಮಾಡಿ, ಆಮೇಲೆ ಗಿರಾಕಿ ಕಾಯುತ್ತಾರೆ. ಗೀಜಗ ಅಷ್ಟು ದಡ್ಡ ಹಕ್ಕಿಯಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಾನು ಮತ್ತೆ ಹಲುಬೆಯ ಕೆಳಗೆ ಬಿದ್ದೆ. ಆಗ ನಮ್ಮಲ್ಲಿ ಆರು ಜನ ಹುಡುಗರಿದ್ದರು. ಆದರೆ ಈ ಸಲ ಹಗೇವಿನಲ್ಲಿ ನಾಲ್ಕು ತಿಂಗಳ ಕೂಲಿಯಷ್ಟು ದುಡ್ಡಿತ್ತು. ಕೆಲವು ದಿನಗಳಲ್ಲಿ ಕೃಷಿ ಯಂತ್ರಗಳ ದುರಸ್ತಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಕಾರ್ಖಾನೆಗಳ ಆರ್ಡರ್ ಪೂರ್ತಿ ನಿಂತಿತ್ತು, ರೈತರ ಕೆಲಸ ನಿಲ್ಲಲಿಲ್ಲ. ರಾಗಿ ಒಣಗಿದ ವರ್ಷ ಅವರೆ ಕೈಹಿಡಿಯಿತು. ಒಬ್ಬ ಹುಡುಗನನ್ನೂ ಮನೆಗೆ ಕಳಿಸಲಿಲ್ಲ. ಅಪ್ಪ ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಇದ್ದಿದ್ದರೆ ಏನೂ ಹೇಳುತ್ತಿರಲಿಲ್ಲ, ನೀರು ಕುಡಿದು ಎದ್ದು ಹೋಗುತ್ತಿದ್ದರು.

ಮಕ್ಕಳೇ, ಮುಂದೆ ಯಾವ ಕೆಲಸ ಇರುತ್ತದೆ, ಯಾವುದನ್ನು ಯಂತ್ರ ನುಂಗುತ್ತದೆ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಮಳೆ ಯಾವಾಗ ಬರುತ್ತದೆ ಎಂದು ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಬಿತ್ತುವುದು ಹೇಗೆ ಎಂಬುದು ಗೊತ್ತಿತ್ತು. ಈ ವರ್ಷ ಒಂದು ಕೆಲಸ ಮಾಡಿ. ಒಬ್ಬೊಬ್ಬರು ಒಂದೊಂದು ಮರ ಆರಿಸಿಕೊಂಡು, ವಾರಕ್ಕೊಮ್ಮೆ ನೋಡಿ, ಕಂಡದ್ದನ್ನು ತಾರೀಖು ಹಾಕಿ ಬರೆಯಿರಿ. ಅದು ಕೆಲಸ ಕೊಡುವುದಿಲ್ಲ. ಆದರೆ ಗಮನ ಕೊಟ್ಟು ನೋಡುವ ಅಭ್ಯಾಸ ಯಾವ ಕೆಲಸಕ್ಕೂ ಬರುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇನ್ನೊಂದು. ಮರ ಎಲೆ ಉದುರಿಸಿದಾಗ ಯಾರಿಗೂ ಫೋನ್ ಮಾಡಲಾರದು. ನಾವು ಮಾಡಬಹುದು. ಐವತ್ತು ವರ್ಷದಲ್ಲಿ ಈ ಶಾಲೆಯಿಂದ ಹೋದವರು ಎಲ್ಲೆಲ್ಲೋ ಇದ್ದೇವೆ: ಲಾರಿ ಓಡಿಸುವವರು, ನರ್ಸ್‌ಗಳು, ಮೇಷ್ಟ್ರುಗಳು, ಸಾಫ್ಟ್‌ವೇರ್‌ನವರು, ರೇಷ್ಮೆ ಬೆಳೆಯುವವರು. ಯಾರು ಏನು ಕೆಲಸ ಕಲಿಸಬಲ್ಲರು ಎಂಬ ಒಂದು ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಇಡೋಣ. ಕೆಲಸ ಹುಡುಕುವ ಹುಡುಗರಿಗೆ ಮಾತ್ರವಲ್ಲ, ಐವತ್ತು ವರ್ಷಕ್ಕೆ ಕೆಲಸ ಕಳೆದುಕೊಂಡು ಊರಿಗೆ ಬಂದು, "ರಜೆ ಮೇಲೆ ಬಂದಿದ್ದೇನೆ" ಎಂದು ಹೇಳುತ್ತಿರುವವನಿಗೂ ಅದು ಸಿಗಲಿ. ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಪ್ರತಿ ವರ್ಷ ಇಬ್ಬರಿಗೆ ನಮ್ಮ ಶೆಡ್ಡಿನಲ್ಲಿ ಸಂಬಳ ಕೊಟ್ಟು ಕೆಲಸ ಕಲಿಸುತ್ತೇನೆ.

ಅಂಥವರು ಯಾರಾದರೂ ಈ ಶಾಮಿಯಾನದ ಕೆಳಗೇ ಇದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ನಾನಾಗಿ ಏನೂ ಕೇಳುವುದಿಲ್ಲ. ನೀವು ಹೇಳುವ ತನಕ ಕಾಯುತ್ತೇನೆ.